ಕಾರಿನ ಎಲೆಕ್ಟ್ರಾನಿಕ್ ನಿಯಂತ್ರಕ ಮತ್ತು ನಮ್ಮ ಉಸಿರು

ಆರೋಗ್ಯ ಲೇಖನಗಳ ನಡುವೆ ಮೋಟಾರು ಕಾರಿನ ಪ್ರಸ್ತಾಪವೇಕೆಂದು ವಾಚಕರು ಕೇಳಬಹುದು. ಮಹಾನಗರಗಳಲ್ಲಿ ನೆಲಸಿರುವ ನಾವು ಸೇವಿಸುವ ಗಾಳಿಗೆ ಕಾರುಗಳ ಹೊಗೆಯೂ ಸೇರುತ್ತದೆ. ಆ ಹೊಗೆ ಎಷ್ಟು ಕೆಟ್ಟದ್ದಾಗಿರಬೇಕೆಂಬುದನ್ನು ಇಂದು ಬಹುಮಟ್ಟಿಗೆ ನಿರ್ಧರಿಸುವುದು ಇಂಜಿನಿನ ಬಳಿಯ ಒಂದು ಚಿಕ್ಕ ಪೆಟ್ಟಿಗೆ. ಗ್ಯಾರೇಜಿನವರು ಅದನ್ನು ಇ.ಸಿ.ಯು. ಎನ್ನುತ್ತಾರೆ.

ಹಿಂದಿನ ಕಾರ್ಬ್ಯುರೇಟರಿನಲ್ಲಿ ಗಾಳಿಯ ಸೆಳೆತವೇ ಪೆಟ್ರೋಲನ್ನು ಎಳೆದುಕೊಳ್ಳುತ್ತಿತ್ತು. ಅಳತೆ ತಪ್ಪಿದರೆ ತಿದ್ದಿಕೊಳ್ಳುವ ಬಗೆ ಅದಕ್ಕೆ ತಿಳಿದಿರಲಿಲ್ಲ. 1995ರ ಏಪ್ರಿಲ್‌ನಿಂದ ದೆಹಲಿ, ಮುಂಬಯಿ, ಕಲಕತ್ತಾ, ಮದರಾಸುಗಳ ಹೊಸ ಪೆಟ್ರೋಲ್ ಕಾರುಗಳಿಗೆ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಕಡ್ಡಾಯವಾಯಿತು. ಅದರ ಜೊತೆಗೇ ಸೀಸವಿಲ್ಲದ ಪೆಟ್ರೋಲೂ ಬಂದಿತು, ಏಕೆಂದರೆ ಸೀಸ ಈ ಉಪಕರಣವನ್ನು ಕೆಡಿಸುತ್ತದೆ. ಮೂರು ಬಗೆಯ ವಿಷಾನಿಲಗಳನ್ನೂ ಕನ್ವರ್ಟರ್ ಒಟ್ಟಿಗೆ ತಗ್ಗಿಸಬೇಕಾದರೆ ಒಂದು ಭಾಗ ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಬೆರೆಯಬೇಕು. ಈ ಪ್ರಮಾಣವನ್ನು ಕ್ಷಣಕ್ಷಣವೂ ಕಾಯುವುದು ಕಾರ್ಬ್ಯುರೇಟರಿಗೆ ಮೀರಿದ ಕೆಲಸ.

ನಿಯಂತ್ರಕ ಇದನ್ನು ಸಾಧಿಸುವ ರೀತಿ ಸ್ವಾರಸ್ಯವಾದುದು. ಹೊಗೆಕೊಳವೆಯಲ್ಲಿ ಆಮ್ಲಜನಕವನ್ನು ಅಳೆಯುವ ಒಂದು ಸಂವೇದಕವುಂಟು. ಅದರ ಪಿಂಗಾಣಿಯ ಒಂದು ಮಗ್ಗುಲಿಗೆ ಹೊರಗಿನ ಗಾಳಿ, ಇನ್ನೊಂದಕ್ಕೆ ಹೊಗೆ. ಹೊಗೆಯಲ್ಲಿ ಆಮ್ಲಜನಕ ಉಳಿಯದಿದ್ದರೆ, ಅಂದರೆ ಪೆಟ್ರೋಲು ಹೆಚ್ಚಾಗಿದ್ದರೆ, ಸುಮಾರು 0.9 ವೋಲ್ಟ್ ಹುಟ್ಟುತ್ತದೆ. ಆಮ್ಲಜನಕ ಮಿಕ್ಕಿದ್ದರೆ ಸುಮಾರು 0.1. ಮೊದಲನೆಯದನ್ನು ಕಂಡ ನಿಯಂತ್ರಕ ಇಂಜೆಕ್ಟರ್ ತೆರೆದಿರುವ ಅವಧಿಯನ್ನು ಕಿರಿದುಗೊಳಿಸುತ್ತದೆ, ಎರಡನೆಯದನ್ನು ಕಂಡರೆ ಹಿಗ್ಗಿಸುತ್ತದೆ. ಆ ಅವಧಿಯೋ ಸೆಕೆಂಡಿನ ಸಾವಿರದಲ್ಲಿ ಕೆಲವೇ ಭಾಗ! ನಾಲ್ಕು ಸಿಲಿಂಡರಿನ ಇಂಜಿನ್ ನಿಮಿಷಕ್ಕೆ 3000 ಸುತ್ತು ಸುತ್ತುವಾಗ ಸೆಕೆಂಡಿಗೆ 100 ಕಿಡಿಗಳು ಹಾರುತ್ತವೆ. ಅವುಗಳ ಸಮಯವನ್ನು ಗೊತ್ತುಮಾಡುವುದೂ ಇದೇ ಪೆಟ್ಟಿಗೆ.

ಆದರೆ ಈ ಸಂವೇದಕ ಚೆನ್ನಾಗಿ ಕಾದ ಮೇಲಷ್ಟೇ ಮಾತನಾಡುತ್ತದೆ. ತಣ್ಣಗಿರುವ ಇಂಜಿನಿಗೆ ನಿಯಂತ್ರಕ ತನ್ನ ನೆನಪಿನಲ್ಲಿರುವ ಕೋಷ್ಟಕದಂತೆ ಹೆಚ್ಚು ಪೆಟ್ರೋಲನ್ನೇ ಉಣಿಸುತ್ತದೆ. ಕನ್ವರ್ಟರ್ ಕೂಡ ಆಗ ತಣ್ಣಗೇ ಇರುತ್ತದೆ. ಹಾಗಾಗಿ ಕಾರು ಹೊರಟ ಮೊದಲ ಒಂದೆರಡು ನಿಮಿಷಗಳ ಹೊಗೆಯೇ ಅತಿ ಕೆಟ್ಟದ್ದು. ವಸತಿ ಸಮುಚ್ಚಯದ ನೆಲಮಾಳಿಗೆಯಲ್ಲಿ ಇಂಜಿನ್ ಚಾಲೂ ಮಾಡಿಟ್ಟು ಮಕ್ಕಳ ಬರವನ್ನು ಕಾಯುವ ತಂದೆತಾಯಿಗಳು ಇದನ್ನು ಗಮನಿಸಬೇಕು. ಬಣ್ಣವಿಲ್ಲದ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್ನನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾಗಿ ಹಿಡಿದುಕೊಳ್ಳುತ್ತದೆ.

ನಿಯಂತ್ರಕ ಚುರುಕಾದುದು, ಆದರೆ ಹೇಳಿದ್ದನ್ನೆಲ್ಲ ನಂಬುವಂಥದು. ಸಂವೇದಕಕ್ಕೆ ಮುಂಚೆಯೇ ಹೊಗೆಕೊಳವೆ ಬಿರುಕುಬಿಟ್ಟು ಹೊರಗಾಳಿ ಒಳನುಗ್ಗಿತೆನ್ನಿ: ಆಮ್ಲಜನಕ ಮಿಕ್ಕಿದೆಯೆಂದು ಬಗೆದು ಅದು ಪೆಟ್ರೋಲನ್ನು ಹೆಚ್ಚಿಸುತ್ತದೆ. ಖರ್ಚೂ ಏರುತ್ತದೆ, ವಿಷವೂ ಏರುತ್ತದೆ.

ದೋಷ ಕಂಡಾಗ ಅದು ಒಂದು ಸಂಕೇತವನ್ನು ಬರೆದಿಟ್ಟು, ಮುಂದಿನ ಫಲಕದಲ್ಲಿ ಇಂಜಿನ್ನಿನ ಆಕಾರದ ಹಳದಿ ದೀಪವನ್ನು ಹೊತ್ತಿಸುತ್ತದೆ. ಬ್ಯಾಟರಿಯ ತಂತಿ ಕಳಚಿ ಆ ದೀಪವನ್ನು ಆರಿಸಿಕೊಡುವ ಚತುರರು ಎಲ್ಲ ಊರಿನಲ್ಲಿಯೂ ಇದ್ದಾರೆ. ಇದು ಜ್ವರಮಾಪಕವನ್ನು ಒಡೆದು ಜ್ವರ ಇಳಿಸಿದಂತೆ. ದೀಪ ಒಂದೇ ಸಮನೆ ಉರಿಯುತ್ತಿದ್ದರೆ ಬೇಗನೆ ಪರೀಕ್ಷೆ ಮಾಡಿಸಬೇಕು. ಮಿಣುಕುತ್ತಿದ್ದರೆ ಸಾಮಾನ್ಯವಾಗಿ ಸಿಲಿಂಡರಿನಲ್ಲಿ ಪೆಟ್ರೋಲು ಸರಿಯಾಗಿ ಉರಿಯದೆ ಹೊರಬೀಳುತ್ತಿದೆಯೆಂದು ಅರ್ಥ. ಅದು ಕನ್ವರ್ಟರಿನೊಳಗೆ ಹೊತ್ತಿ ಅದನ್ನೇ ಸುಟ್ಟುಹಾಕಬಲ್ಲುದು. ಆಗ ವಾಹನವನ್ನು ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸಿ ಇಂಜಿನ್ ಆರಿಸತಕ್ಕದ್ದು. ದುರಸ್ತಿಗೆ ಒಯ್ದಾಗ ಮೆಕ್ಯಾನಿಕ್ ಓದಿದ ಸಂಕೇತವನ್ನು ಚೀಟಿಯ ಮೇಲೆ ಬರೆಸಿಕೊಳ್ಳಿ. ಆಮ್ಲಜನಕದ ಸಂವೇದಕವನ್ನು ಬದಲಿಸಬೇಕೆಂದು ಹೇಳಿದರೆ, ಕೊಳವೆ ಎಲ್ಲಿಯಾದರೂ ಸೋರುತ್ತಿದೆಯೇ ಎಂದು ಮೊದಲು ನೋಡಿಸಿ.