ಗಾಡಿ ಕೊಂಡದ್ದಾಯ್ತು, ಇನ್ನು ಸಾಕೋದು ಕಲಿ

ಮಗಳೇ, ನೀನು ಹಳೇ ಸ್ಕೂಟರ್ ಒಂದು ತಗೊಂಡ ಸುದ್ದಿ ನಿಮ್ಮಪ್ಪ ಫೋನಲ್ಲಿ ಹೇಳಿದ. ಕೇಳಿ ಸಂತೋಷವಾಯ್ತು. ಅವನು ಮಾತ್ರ "ಬಸ್ಸು ಪುಕ್ಕಟೆ ಇರುವಾಗ ಇವಳಿಗ್ಯಾಕೆ ಈ ಖರ್ಚು?" ಅಂತ ಗೊಣಗಿದ. ಅವನಿಗೆ ಅಲ್ಲೇ ಉತ್ತರ ಕೊಟ್ಟೆ. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿಲ್ಲ, ಒಳ್ಳೇದೇ ಆಯ್ತು. ಆದರೆ ಹೇಮಗಿರಿ ಕಡೆ ಹಳ್ಳಿಯಿಂದ ಕೆ.ಆರ್. ಪೇಟೆಗೆ ಕೆಲಸಕ್ಕೆ ಹೋಗಿಬರೋಳು ಸಂಜೆ ಬಸ್ಸು ತಪ್ಪಿಸಿಕೊಂಡರೆ, ಮುಂದಿನ ಬಸ್ಸಿಗೆ ಕಾಯೋ ಹೊತ್ತಿನ ಲೆಕ್ಕ ಯಾರು ಇಡ್ತಾರೆ? ನಿನ್ನ ಹೊತ್ತು ನಿನ್ನ ಕೈಲಿರಲಿ ಅಂತ ಗಾಡಿ ತಗೊಂಡಿದ್ದೀಯ. ಅದರಲ್ಲಿ ತಪ್ಪೇನೂ ಇಲ್ಲ.

ಆದರೆ ಕೊಳ್ಳೋ ದುಡ್ಡು ಬೇರೆ, ಸಾಕೋ ದುಡ್ಡು ಬೇರೆ. ಇದನ್ನ ಶೋರೂಮಿನೋರೂ ಹೇಳಲ್ಲ, ಮಾರಿದೋರೂ ಹೇಳಲ್ಲ. ಅದಕ್ಕೇ ಈ ನಾಲ್ಕು ಮಾತು.

ರಥಸಪ್ತಮಿ ಹೊತ್ತಿಗೆ ನಮ್ಮ ಹೇಮಗಿರಿಯಲ್ಲಿ ಸೇರೋ ದನಗಳ ಜಾತ್ರೆ ನೀನು ನೋಡಿ ಬೆಳೆದವಳು. ಹಳ್ಳಿಕಾರ್ ಜೋಡಿ ಕೊಳ್ಳೋನು ಮೊದಲು ಬಾಯಿ ಬಿಡಿಸಿ ಹಲ್ಲು ನೋಡ್ತಾನೆ, ಸುಳಿ ನೋಡ್ತಾನೆ, ನಾಲ್ಕು ಹೆಜ್ಜೆ ನಡೆಸಿ ಕಾಲು ಎತ್ತಿಡೋ ರೀತಿ ನೋಡ್ತಾನೆ. ಆಮೇಲಷ್ಟೇ ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ. ಅದೇ ಮನುಷ್ಯ ಹಳೇ ಗಾಡಿ ಕೊಳ್ಳೋಕೆ ಹೋದರೆ ಬಣ್ಣ ನೋಡಿ, ಒಂದು ರೌಂಡ್ ಹೊಡೆದು, ದುಡ್ಡು ಎಣಿಸಿಬಿಡ್ತಾನೆ! ಗಾಡಿಗೂ ಹಲ್ಲಿದೆ, ನಡಿಗೆ ಇದೆ. ಇಂಜಿನ್ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿಸಿ ನೋಡಬೇಕು. ನೀನು ಹೋಗೋ ಹೊತ್ತಿಗೇ ಬಿಸಿ ಮಾಡಿ ಇಟ್ಟಿದ್ದರೆ ಯಾಕೆ ಅಂತ ಕೇಳಬೇಕು. ಸೈಲೆನ್ಸರಿಂದ ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಕುಡೀತಾ ಇದೆ ಅಂತ ಅರ್ಥ. ಟೈರು ಒಂದೇ ಮಗ್ಗುಲು ಸವೆದಿದ್ದರೆ ಎಲ್ಲೋ ಬಿದ್ದು ಬೆಂಡಾಗಿರಬಹುದು. ಛಾಸಿ ನಂಬರು ಆರ್‌ಸಿಯಲ್ಲಿರೋ ನಂಬರಿಗೆ ತಾಳೆಯಾಗಬೇಕು. ನೀನು ಕೊಂಡದ್ದು ಆಗಿಹೋಯ್ತು. ನಾಳೆ ಕಾರು ಕೊಳ್ಳೋವಾಗ ಈ ಮಾತು ನೆನಪಿರಲಿ.

ಈಗ ತುರ್ತಾಗಿ ಮಾಡಬೇಕಾದ್ದು ಆರ್‌ಸಿ ನಿನ್ನ ಹೆಸರಿಗೆ ಮಾಡಿಸಿಕೊಳ್ಳೋದು. "ಅವರು ಗೊತ್ತಿರೋರೇ, ನಿಧಾನಕ್ಕೆ ಮಾಡಿಸಿದರಾಯ್ತು" ಅನ್ನಬೇಡ. ಫಾರಂ 29, 30 ಇಬ್ಬರೂ ಸಹಿ ಮಾಡಿ, ಕೊಂಡವರು 30 ದಿನದೊಳಗೆ ಕೊಡಬೇಕು ಅನ್ನೋದು ಕಾನೂನು. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು. ಅಪಘಾತವಾದರೆ ಪರಿಹಾರದ ನೋಟಿಸು ಹೋಗೋದೂ ಅವರ ಮನೆಗೇ. ಹೆಸರು ಬದಲಾದರೆ ಮಾರಿದೋರಿಗೂ ನೆಮ್ಮದಿ. ಇನ್ಶೂರೆನ್ಸನ್ನೂ ನಿನ್ನ ಹೆಸರಿಗೆ ಬದಲಾಯಿಸಿಕೋ. ಗಾಡಿಗೆ 15 ವರ್ಷ ತುಂಬೋದು ಯಾವಾಗ ಅಂತ ನೋಡಿಟ್ಟುಕೋ. ಆಮೇಲೆ ಎಫ್‌ಸಿ ಮಾಡಿಸಿ 5 ವರ್ಷಕ್ಕೊಂದು ಸಲ ಆರ್‌ಸಿ ನವೀಕರಿಸಬೇಕು.

ನಾನು ಗಾಡಿ ಕಲಿತ ಕಾಲದಲ್ಲಿ ನಮ್ಮ ಕಡೆ ದೊಡ್ಡಸ್ತಿಕೆ ಅಂದರೆ ಯೆಜ್ಡಿ. ಅದನ್ನ ತಯಾರಿಸ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ನಡೆಯಿತು. ಯೆಜ್ಡಿಯಲ್ಲಿ ಕಿಕ್ಕರ್ ಯಾವುದೋ ಗೇರ್ ಲಿವರ್ರೂ ಅದೇ. ಸ್ಟಾರ್ಟ್ ಆದಮೇಲೆ ಮುಂದಕ್ಕೆ ಮಡಚಿದರೆ ಗೇರು. ಪೆಟ್ರೋಲಿಗೆ ಆಯಿಲ್ ಬೆರೆಸೋದು ಮರೆತರೆ ಪಿಸ್ಟನ್ ಸೀಜ್. ಮಿತಿಮೀರಿದ ಸದ್ದು, ಹೊಗೆ, ಪೆಟ್ರೋಲ್ ಖರ್ಚಂತೂ ಕೇಳಲೇಬೇಡ. ಆದರೂ ಆ ಗಾಡಿ ಇಟ್ಟುಕೊಂಡೋರೆಲ್ಲ ಅರ್ಧ ಮೆಕ್ಯಾನಿಕ್ ಆಗ್ತಿದ್ದರು. ಪ್ಲಗ್ ಬಿಚ್ಚಿ ತುದಿಯ ಬಣ್ಣ ನೋಡೋರು: ಕಾಫಿಪುಡಿ ಬಣ್ಣವಿದ್ದರೆ ಸರಿ, ಕರ್ರಗೆ ಮಸಿ ಹಿಡಿದಿದ್ದರೆ ಪೆಟ್ರೋಲ್ ಜಾಸ್ತಿ, ಬೆಳ್ಳಗೆ ಸುಟ್ಟಿದ್ದರೆ ಕಮ್ಮಿ. ಈಗಿನ ಗಾಡಿಗಳು ಸುಲಭವಾಗಿವೆ, ಬಟನ್ ಒತ್ತಿದರೆ ಸ್ಟಾರ್ಟು. ಆ ಸುಲಭದಿಂದಲೇ ಬಹಳ ಜನಕ್ಕೆ ತಮ್ಮ ಗಾಡಿಯ ಒಳಗೇನಿದೆ ಅಂತ ಗೊತ್ತಿಲ್ಲ.

ನೀನು ಮೆಕ್ಯಾನಿಕ್ ಆಗಬೇಕಿಲ್ಲ. ಗಾಡಿ ಚೆನ್ನಾಗಿದ್ದಾಗ ಅದರ ಸದ್ದು, ನಡುಕ, ಬ್ರೇಕ್ ಹಿಡಿಯೋ ರೀತಿ ಹೇಗಿರುತ್ತೆ ಅನ್ನೋದನ್ನ ಚೆನ್ನಾಗಿ ಗುರುತಿಟ್ಟುಕೋ. ಯಾವ ಗಾಡಿಯೂ ಹೇಳದೆ ಕೇಳದೆ ಕೈಕೊಡೋದು ಅಪರೂಪ. ಮೊದಲೇ ಸೂಚನೆ ಕೊಟ್ಟಿರುತ್ತೆ, ನಾವು ಕೇಳಿಸಿಕೊಂಡಿರಲ್ಲ.

ಬೆಳಿಗ್ಗೆ ಗಾಡಿ ಆಚೆ ತಳ್ಳಿದ ಮೇಲೆ, ಅದು ನಿಂತಿದ್ದ ನೆಲ ನೋಡು. ಆಯಿಲ್ ತೊಟ್ಟಿಕ್ಕಿದ ಗುರುತು ಹೊಸದಾಗಿ ಕಂಡರೆ ಅವತ್ತೇ ಗ್ಯಾರೇಜಿಗೆ ತೋರಿಸು. ಎರಡೂ ಬ್ರೇಕ್ ಒಂದೊಂದು ಸಲ ಅದುಮು. ಟೈರ್ ಹೆಬ್ಬೆರಳಲ್ಲಿ ಒತ್ತಿ ನೋಡಿದರೆ ಸಾಲದು. ವಾರಕ್ಕೊಂದು ಸಲ ಪೆಟ್ರೋಲ್ ಬಂಕಲ್ಲಿ ಗಾಳಿ ಚೆಕ್ ಮಾಡಿಸು, ಅದೂ ಟೈರ್ ತಣ್ಣಗಿರುವಾಗ. ಇಂಜಿನ್ ಆಯಿಲ್ ನೋಡೋದೂ ಕಷ್ಟವೇನಲ್ಲ. ಸಮನೆಲದಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ ಕಡ್ಡಿ ತೆಗೆದು, ಬಟ್ಟೇಲಿ ಒರೆಸಿ, ಮತ್ತೆ ಇಳಿಸಿ ತೆಗೆದು ನೋಡು. ಎರಡು ಗೀಟಿನ ನಡುವೆ ಆಯಿಲ್ ಇರಬೇಕು. ಇಷ್ಟಕ್ಕೆಲ್ಲ ಐದು ನಿಮಿಷ ಸಾಕು.

ಸ್ಕೂಟರಿಗೆ ಚೈನ್ ಇಲ್ಲ, ಎಡಮಗ್ಗುಲ ಡಬ್ಬದೊಳಗೆ ರಬ್ಬರ್ ಬೆಲ್ಟ್ ಇರುತ್ತೆ. ಕಣ್ಣಿಗೆ ಕಾಣದ್ದರಿಂದ ಯಾರೂ ನೆನೆಸಿಕೊಳ್ಳಲ್ಲ. ಮೇಲುಕೋಟೆ ಏರಿನಲ್ಲಿ ಇಬ್ಬರು ಕೂತಾಗ ಇಂಜಿನ್ ಕಿರುಚಿಕೊಂಡರೂ ಗಾಡಿ ಎಳೀತಿಲ್ಲ ಅಂದರೆ, ಇಲ್ಲಾ ಹೊರಡುವಾಗ ಗಡಗಡ ನಡುಗಿದರೆ, ಆ ಡಬ್ಬ ಬಿಚ್ಚಿಸಿ ನೋಡಿಸು. ಬೆಲ್ಟಲ್ಲಿ ಬಿರುಕು ಕಂಡರೆ ಬದಲಾಯಿಸೋದೇ ಸರಿ; ನಡುದಾರೀಲಿ ಕಿತ್ತುಹೋದರೆ ಗಾಡಿ ತಳ್ಳಿಕೊಂಡೇ ಬರಬೇಕಾಗುತ್ತೆ. ಕಬ್ಬಿನ ಕಾಲದಲ್ಲಿ ನಮ್ಮ ರಸ್ತೆ ಧೂಳು ನಿನಗೆ ಗೊತ್ತಲ್ಲ, ಏರ್ ಫಿಲ್ಟರ್ ಪುಸ್ತಕದಲ್ಲಿ ಬರೆದಿರೋದಕ್ಕಿಂತ ಬೇಗನೇ ನೋಡಿಸಬೇಕು.

ಪೆಟ್ರೋಲಿನ ವಿಚಾರಕ್ಕೆ ಬಂದರೆ, ನಾವು ಬೆಳೆಯೋ ಕಬ್ಬು ಈಗ ನಮ್ಮ ಟ್ಯಾಂಕಿಗೇ ಬರ್ತಾ ಇದೆ. ಬಂಕಲ್ಲಿ ಹಾಕಿಸೋ ಪೆಟ್ರೋಲಲ್ಲಿ ಈಗ ಶೇ. 20ರಷ್ಟು ಎಥೆನಾಲ್. ಎಥೆನಾಲಿಗೆ ಪೆಟ್ರೋಲಿನಷ್ಟು ಕಸುವಿಲ್ಲ, ಹಾಗಾಗಿ ಮೈಲೇಜ್ ಸ್ವಲ್ಪ ಇಳಿಯೋದು ಸಹಜ. ಅದು ನೀರಿನ ತೇವ ಹೀರಿಕೊಳ್ಳುತ್ತೆ. ಹಳೇ ಗಾಡಿಯ ರಬ್ಬರ್ ಪೈಪು, ಸೀಲುಗಳನ್ನ ಆಗಾಗ ನೋಡಿಸು. ತಿಂಗಳುಗಟ್ಟಲೆ ಗಾಡಿ ಓಡಿಸದೆ ನಿಲ್ಲಿಸೋದಾದರೆ ಕಾರ್ಬ್ಯುರೇಟರಿನ ಪೆಟ್ರೋಲ್ ಇಳಿಸಿಡಬೇಕು. ಮೈಲೇಜ್ ಎಷ್ಟು ಅಂತ ಬಾಯಿಮಾತಲ್ಲಿ ಹೇಳೋ ಬದಲು ಒಂದು ಪುಟ್ಟ ನೋಟ್‌ಬುಕ್ ಇಡು: ಫುಲ್ ಟ್ಯಾಂಕ್‌ನಿಂದ ಫುಲ್ ಟ್ಯಾಂಕಿಗೆ ಎಷ್ಟು ಕಿಲೋಮೀಟರ್, ಎಷ್ಟು ಲೀಟರ್. ಲೆಕ್ಕ ಇದ್ದಕ್ಕಿದ್ದಂಗೆ ಕುಸಿದರೆ ಗಾಡಿಗೆ ಏನೋ ಆಗಿದೆ.

ಗ್ಯಾರೇಜಿನ ಮಾತು ಬೇರೆಯೇ ಹೇಳಬೇಕು. ಹೆಣ್ಣುಮಗಳು ಗಾಡಿ ತಂದರೆ "ನೀವು ಕೂತ್ಕೊಳ್ಳಿ ಮೇಡಂ, ನಾವು ನೋಡ್ಕೋತೀವಿ" ಅಂತಾರೆ. ಕೂರಬೇಡ, ಪಕ್ಕದಲ್ಲೇ ನಿಂತು ನೋಡು. "ಇಂಜಿನ್ನೇ ಹೋಗಿದೆ" ಅಂದರೆ ಯಾವ ಭಾಗ, ತೋರಿಸಿ ಅನ್ನು. ಬದಲಾಯಿಸಿದ ಹಳೇ ಸಾಮಾನು ವಾಪಸ್ ಕೇಳು, ಹೊಸ ಸಾಮಾನಿನ ಡಬ್ಬಿ ನೋಡು, ಬಿಲ್ ತಗೋ. ಇದರಲ್ಲಿ ಅನುಮಾನದ ಮಾತಿಲ್ಲ. ಒಳ್ಳೇ ಮೆಕ್ಯಾನಿಕ್ಕಿಗೆ ಕೇಳೋ ಗಿರಾಕಿ ಕಂಡರೆ ಖುಷಿಯೇ. ಅಂಥವನು ಸಿಕ್ಕಿದ ಮೇಲೆ ಐವತ್ತು ರೂಪಾಯಿ ಉಳಿಸೋಕೆ ಅಂಗಡಿ ಬದಲಾಯಿಸಬೇಡ. ಹಬ್ಬದ ದಿನ ಗಾಡಿ ನಿಂತಾಗ ಫೋನ್ ಎತ್ತೋನು ಅವನೇ.

ಇಷ್ಟೆಲ್ಲ ಮಾಡಿದರೂ ತಾಪತ್ರಯ ತಪ್ಪಲ್ಲ. ತಡವಾದ ದಿನವೇ ಪಂಕ್ಚರ್ ಆಗುತ್ತೆ. ಮಳೆಯಲ್ಲೇ ಪ್ಲಗ್ ಕೈಕೊಡುತ್ತೆ. ಹುಲ್ಲಿನ ಮೆದೆ ಪಕ್ಕ ನಿಲ್ಲಿಸಿದ ಗಾಡಿಯ ವೈರು ಇಲಿ ಕಡಿದು ಹೋಗಿರುತ್ತೆ. ಅದಕ್ಕೆ ಮೆದೆ, ಹಿಂಡಿ ಚೀಲದಿಂದ ದೂರ ನಿಲ್ಲಿಸು. ಸೀಟು ಕೆಳಗೆ ಪ್ಲಗ್ ಸ್ಪ್ಯಾನರ್, ಒಂದು ಹೊಸ ಪ್ಲಗ್, ಹಳೇ ಬಟ್ಟೆ, ಟಾರ್ಚು ಇದ್ದರೆ ಇಂಥ ದಿನಗಳಲ್ಲಿ ಅರ್ಧ ಸಂಕಟ ಕಳೀತು ಅನ್ನು.

ಇನ್ನು ನಮ್ಮ ರಸ್ತೆ. ಸುಗ್ಗಿ ಕಾಲದಲ್ಲಿ ಡಾಂಬರಿನ ಮೇಲೇ ರಾಗಿ, ಹುರುಳಿ ಹರಡಿರ್ತಾರೆ. ನಮ್ಮ ಜನ, ಬೈಯೋಕೂ ಆಗಲ್ಲ. ಅದರ ಮೇಲೆ ಬ್ರೇಕ್ ಹಿಡಿದೆಯೋ, ಚಕ್ರ ಜಾರಿ ಬಿದ್ದೆ ಅಂತಲೇ ಲೆಕ್ಕ. ಮೊದಲೇ ವೇಗ ಇಳಿಸಿ ಹ್ಯಾಂಡಲ್ ನೆಟ್ಟಗೆ ಹಿಡಿದು ದಾಟು. ಕಾರಿನವರಿಗಂತೂ ಇನ್ನೂ ಅಪಾಯ: ಹುರುಳಿ ಬಳ್ಳಿ ಆಕ್ಸಲಿಗೆ ಸುತ್ತಿಕೊಂಡು, ಕಾದ ಸೈಲೆನ್ಸರಿಗೆ ತಗಲಿ, ಹೊಗೆಯಾಡಿ ಬೆಂಕಿ ಹತ್ತಿದ್ದುಂಟು. ಹುರುಳಿ ದಾಟಿದ ಮೇಲೆ ಕಾರು ನಿಲ್ಲಿಸಿ ಕೆಳಗೆ ಬಗ್ಗಿ ನೋಡೋದು ವಾಸಿ.

ರಾತ್ರಿ ಹೊತ್ತು ಕಬ್ಬಿನ ಟ್ರ್ಯಾಕ್ಟರ್ ಕಾಣಲ್ಲ. ಈ ಮಾತು ನಿಮ್ಮಪ್ಪನಿಗೂ ಓದಿ ಹೇಳು. ಟ್ರೈಲರ್ ಹಿಂದೆ ರಿಫ್ಲೆಕ್ಟರ್ ಅಂಟಿಸೋಕೆ ಆಗೋ ಖರ್ಚು ಒಂದು ಹೊತ್ತಿನ ಡೀಸೆಲ್ ಖರ್ಚಿಗಿಂತ ಕಮ್ಮಿ. ಕೆಟ್ಟು ನಿಂತಾಗ ಚಕ್ರಕ್ಕೆ ಕೊಟ್ಟ ಕಲ್ಲನ್ನ ಹೊರಡುವಾಗ ರಸ್ತೇಲೇ ಬಿಟ್ಟು ಬರಬಾರದು. ಕೆಸರುಗದ್ದೆ ಉತ್ತ ಕೇಜ್‌ವೀಲನ್ನ ಹಾಗೇ ಡಾಂಬರಿಗೆ ಹತ್ತಿಸಬಾರದು. ಮದುವೆ, ಬೀಗರೂಟ ಅಂತ ಟ್ರೈಲರಲ್ಲಿ ಜನ ತುಂಬಬಾರದು. ನಿನ್ನ ತಮ್ಮ ಹದಿನೆಂಟು ತುಂಬೋ ಮುಂಚೆ ಸ್ಕೂಟರ್ ಕೀ ಕೇಳಿದರೆ ಕೊಡಬೇಡ. 2019ರ ತಿದ್ದುಪಡಿ ಪ್ರಕಾರ ಮಕ್ಕಳ ಕೈಗೆ ಗಾಡಿ ಕೊಟ್ಟೋರಿಗೆ 25 ಸಾವಿರ ರೂಪಾಯಿ ದಂಡ, 3 ವರ್ಷದವರೆಗೆ ಜೈಲು; ಅವನಿಗೂ 25 ವರ್ಷ ತುಂಬೋವರೆಗೆ ಲೈಸೆನ್ಸ್ ಸಿಗಲ್ಲ.

ಪಾಂಡವಪುರ ಕಡೆ ಹೋಗುವಾಗ ನಾಲೆ ಏರಿ ಮೇಲೆ ಅವಸರ ಬೇಡವೇ ಬೇಡ. 2018ರ ನವೆಂಬರ್ 24ರಂದು ಕನಗನಮರಡಿ ಹತ್ತಿರ ಖಾಸಗಿ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು 30 ಜನ ಸತ್ತರು. ಅವರಲ್ಲಿ ಸ್ಕೂಲು ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ಆಮೇಲೂ ನಮ್ಮ ಜಿಲ್ಲೆಯ ನಾಲೆಗಳಿಗೆ ಕಾರುಗಳು ಬಿದ್ದಿವೆ. ಎದುರಿಗೆ ಲಾರಿ ಬಂದರೆ ನಿಲ್ಲಿಸಿ ದಾರಿ ಬಿಟ್ಟುಕೊಡು. ಯಾರೂ ನಿನ್ನನ್ನ ಹೇಡಿ ಅನ್ನಲ್ಲ, ಅಂದರೂ ಚಿಂತೆಯಿಲ್ಲ. ಶ್ರೀರಂಗಪಟ್ಟಣದ ಹತ್ತಿರ ಹೊಸ ಹೆದ್ದಾರಿ ಕಂಡು ಅದಕ್ಕೇ ಹತ್ತಿಬಿಡಬೇಡ. 2023ರ ಆಗಸ್ಟ್ 1ರಿಂದ ಅಲ್ಲಿ ಬೈಕು, ಸ್ಕೂಟರು, ಆಟೋ, ಟ್ರ್ಯಾಕ್ಟರಿಗೆ ಪ್ರವೇಶವಿಲ್ಲ. ನಮ್ಮದು ಪಕ್ಕದ ಸರ್ವಿಸ್ ರಸ್ತೆ. ಹೆಲ್ಮೆಟ್ ನಿನಗೊಂದು, ಹಿಂದೆ ಕೂರೋರಿಗೊಂದು. ದುಪಟ್ಟಾ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೇ ಹೊರಡು. ಅವ್ವನನ್ನ ಕೂರಿಸಿಕೊಂಡಾಗಲಂತೂ ಒಂದು ಸಲ ತಿರುಗಿ ನೋಡಿ ಖಾತ್ರಿ ಮಾಡಿಕೋ.

ಇಷ್ಟೊಂದು ಹೇಳಿ ನಿನ್ನ ಉತ್ಸಾಹಕ್ಕೆ ತಣ್ಣೀರು ಎರಚಿದೆನೇನೋ. ಹಾಗೇನಿಲ್ಲ ಕಣವ್ವ, ಸುಖವೂ ಅಷ್ಟೇ ಇದೆ. ಆಯಿಲ್ ಬದಲಾಯಿಸಿದ ಮಾರನೇ ದಿನ ಇಂಜಿನ್ ಮೆತ್ತಗೆ ಗುನುಗೋದು ಕೇಳು, ನಿನ್ನ ಕೈಯಾರೆ ಗಾಳಿ ನೋಡಿದ ಟೈರಲ್ಲಿ ಗಾಡಿ ಹಗುರಾಗಿ ಓಡೋದು ನೋಡು. ಚಳಿಗಾಲದ ಸಂಜೆ ಆಲೆಮನೆ ಪಕ್ಕ ಹಾದಾಗ ಕಾಯೋ ಕಬ್ಬಿನ ಹಾಲಿನ ವಾಸನೆ ಮೂಗಿಗೆ ಬಡಿದರೆ, ಗಾಡಿ ನಿಲ್ಲಿಸಿ ಎಲೆ ಮೇಲೆ ಬಿಸಿಬೆಲ್ಲ ಕೇಳಿ ತಿನ್ನಬಹುದು. ಬಸ್ಸಿನವನು ಅದಕ್ಕೆಲ್ಲ ನಿಲ್ಲಿಸ್ತಾನಾ? ಹೊಸಹೊಳಲಿನ ಲಕ್ಷ್ಮೀನಾರಾಯಣ, ಕಿಕ್ಕೇರಿಯ ಬ್ರಹ್ಮೇಶ್ವರ, ಗೋವಿಂದನಹಳ್ಳಿಯ ಪಂಚಲಿಂಗೇಶ್ವರ, ಈ ದೇವಸ್ಥಾನಗಳೆಲ್ಲ ಇಷ್ಟು ಹತ್ತಿರ ಇದ್ದೂ ಬಸ್ಸಿಲ್ಲ ಅಂತ ನೋಡದೇ ಉಳಿದವು. ಒಂದು ಭಾನುವಾರಕ್ಕೆ ಒಂದರಂತೆ ಮುಗಿಸು. ಅವ್ವನನ್ನ ಮೇಲುಕೋಟೆಗೆ ಕರ್ಕೊಂಡು ಹೋಗು, ಇಳಿಜಾರಲ್ಲಿ ಮಾತ್ರ ಇಂಜಿನ್ ಆಫ್ ಮಾಡಬೇಡ. ಪೆಟ್ರೋಲ್ ಉಳಿಯುತ್ತೆ ಅಂತ ಹಾಗೆ ಇಳಿಯೋರಿದ್ದಾರೆ. ಎಲ್ಲ ಭಾರ ಬ್ರೇಕಿನ ಮೇಲೆ ಬಿದ್ದು, ಕಾದು, ತಿರುವಲ್ಲಿ ಹಿಡಿಯಲ್ಲ ಅಂದರೆ ಏನು ಗತಿ? ಮಳೆಗಾಲದಲ್ಲಿ ಹೇಮಾವತಿ ತುಂಬಿ ಹರಿಯೋದು ನೋಡೋಕೆ ಹೋಗು, ನೀರು ಹರೀತಿರೋ ಸೇತುವೆ ಮೇಲೆ ಗಾಡಿ ಇಳಿಸಬೇಡ. ಆಕಸ್ಮಾತ್ ಇಂಜಿನ್ನಿಗೆ ನೀರು ಹೋದರೆ ಸೆಲ್ಫ್ ಒತ್ತುತ್ತಾ ಕೂರಬೇಡ. ಒಳಗೆ ಕನೆಕ್ಟಿಂಗ್ ರಾಡ್ ಬೆಂಡಾದರೆ ಖರ್ಚು ದುಪ್ಪಟ್ಟಾಗುತ್ತೆ. ತಳ್ಳಿಕೊಂಡು ಬಂದು ಗ್ಯಾರೇಜಿಗೆ ಬಿಡು.

ಆಯುಧಪೂಜೆಗೆ ಗಾಡಿ ತೊಳೆದು, ಹೂವಿಟ್ಟು, ಚಕ್ರಕ್ಕೆ ನಿಂಬೆಹಣ್ಣು ಕೊಟ್ಟು ಚೆನ್ನಾಗಿ ಪೂಜೆ ಮಾಡು. ಬೂದುಗುಂಬಳಕಾಯಿ ಮಾತ್ರ ರಸ್ತೆ ನಡುವೆ ಒಡೆಯಬೇಡ, ಹಿಂದೆ ಬರೋರು ಅದರ ಮೇಲೆ ಜಾರ್ತಾರೆ. ಅವತ್ತೇ ಕೂತು ಇನ್ಶೂರೆನ್ಸ್ ತಾರೀಕು, ಹೊಗೆ ತಪಾಸಣೆ ಚೀಟಿ, ಬ್ರೇಕ್ ಶೂ, ಟೈರಿನ ಹಲ್ಲು ಎಲ್ಲ ಒಂದೊಂದೇ ನೋಡಿ ನೋಟ್‌ಬುಕ್ಕಲ್ಲಿ ಬರೆದಿಡು. ವರ್ಷಕ್ಕೊಂದು ದಿನ ದೇವರ ಜೊತೆಗೆ ಗಾಡಿಗೂ ಅದರ ಪಾಲು ಕೊಟ್ಟಂಗಾಗುತ್ತೆ.