ಪ್ಲೇಬ್ಯಾಕ್ ನಂಬಿ ಚಿತ್ರ ಸರಿಸಬೇಡಿ

ಕಾಫಿ ಗಿಡದ ಕಾಂಡಕೊರಕದ ಬಗ್ಗೆ ನಾನು ಬ್ಲೆಂಡರ್‌ನಲ್ಲಿ ಮಾಡಿದ ಅನಿಮೇಷನ್ ಬೆಳೆಗಾರರ ಸಭೆಯಲ್ಲಿ ಎಡವಟ್ಟಾಗಿದ್ದು ಆಲ್ದೂರಿನಲ್ಲಿ ಬಹಳ ಜನಕ್ಕೆ ಗೊತ್ತು. ಯಾಕೆ ಹಾಗಾಯಿತು ಅಂತ ಮಾತ್ರ ಯಾರೂ ಕೇಳಲಿಲ್ಲ.

ದನಿ ನಮ್ಮ ಮಾವನವರದು. ಅರೇಬಿಕಾ ಗಿಡದ ತೊಗಟೆಯ ಬಿರುಕಿನಲ್ಲಿ ದುಂಬಿ ಮೊಟ್ಟೆ ಇಡುವುದು, ಹುಳ ಕಾಂಡ ಕೊರೆಯುವುದು, ಗಿಡದ ಮೈಮೇಲೆ ಉಬ್ಬು ಕಾಣುವುದು, ಹೀಗೆ ಒಂದೊಂದು ಮಾತಿಗೂ ಚಿತ್ರ ಕೂರಿಸಿದ್ದೆ. ಆದರೆ ಓಡಿಸಿ ನೋಡಿದರೆ ಮಾತು ಮುಂದೆ, ಚಿತ್ರ ಹಿಂದೆ. ಚಿಕ್ಕಮಗಳೂರಿನ ಅಂಗಡಿಯವರು ಗ್ರಾಫಿಕ್ಸ್ ಕಾರ್ಡ್ ಹಾಕಿಸಿ ಎಂದರು. ಬೆಂಗಳೂರಿನ ಅಕ್ಕನ ಮಗ ಫೈಲನ್ನೇ ನೋಡದೆ, “ಚಿಕ್ಕಮ್ಮ, ಚಿತ್ರಗಳನ್ನೆಲ್ಲ ಸ್ವಲ್ಪ ಮುಂಚೆಗೆ ಎಳೀರಿ, ಸರಿಹೋಗುತ್ತೆ” ಎಂದ. ಫೋನಿನಲ್ಲೇ ಕೂತು ಪ್ರತಿ ದೃಶ್ಯವನ್ನೂ ಎಳೆಸಿದ. ಪ್ಲೇಬ್ಯಾಕ್‌ನಲ್ಲಿ ತಾಳೆಯೂ ಆಯಿತು. ರಾತ್ರಿಯೇ ರೆಂಡರ್‌ಗೆ ಹಾಕಿದೆ. ಬೆಳಿಗ್ಗೆ ಕರೆಂಟ್ ಹೋಗಿ ಬಂದು, ಮುಗಿಯುವ ಹೊತ್ತಿಗೆ ಸಭೆಗೆ ಹೊರಡುವ ಸಮಯ.

ಸಭೆಯಲ್ಲಿ ಮಾವನವರು ಮುಂದಿನ ಸಾಲಿನಲ್ಲೇ ಕೂತಿದ್ದರು. ದುಂಬಿ ಮೊಟ್ಟೆ ಇಡುತ್ತದೆ ಅನ್ನುವ ಮಾತು ಕೇಳುವಾಗ ಪರದೆಯ ಮೇಲೆ ಹುಳ ಆಗಲೇ ಕಾಂಡದೊಳಗಿತ್ತು. ಹೋಗಲಿ, ಯಾರೂ ಗಮನಿಸಲಿಕ್ಕಿಲ್ಲ ಅಂದುಕೊಂಡೆ. ದೃಶ್ಯ ಕಳೆದಂತೆ ಅಂತರ ಬೆಳೆಯಿತು. ಹುಳ ಬಿದ್ದ ಗಿಡವನ್ನು ಸುಡುವ ಚಿತ್ರ ಬಂದು ಹೋಯಿತು, ಒಳ್ಳೆ ನೆರಳಲ್ಲಿ ನಿಂತ ಹಸಿರು ಗಿಡ ಬಂತು. ಆಗ ಮಾವನವರ ದನಿ ಗಟ್ಟಿಯಾಗಿ ಹೇಳಿತು: “ಇಂಥ ಗಿಡ ಕಂಡರೆ ಬೇರುಸಮೇತ ಕಿತ್ತು ಸುಡಿ.” ಹಿಂದಿನಿಂದ ಹಿರಿಯರೊಬ್ಬರು ಎದ್ದು, “ಏನಮ್ಮ, ಚೆನ್ನಾಗಿರೋ ಗಿಡಾನೂ ಕೀಳ್ಬೇಕಾ?” ಎಂದರು. ಅವರು ನಿಜವಾಗಿ ಕೇಳುತ್ತಿದ್ದರು. ಮಾವನವರು ಎದ್ದು ಹೊರಗೆ ಹೋದರು. ಅಕ್ಕನ ಮಗ ಇವತ್ತಿಗೂ ತನ್ನದು ತಪ್ಪು ಎಂದು ಒಪ್ಪಿಲ್ಲ.

ಆದದ್ದಿಷ್ಟೆ. ಬ್ಲೆಂಡರ್‌ನ ಪ್ಲೇಬ್ಯಾಕ್ ಮೆನುವಿನಲ್ಲಿ ‘ಪ್ಲೇ ಎವೆರಿ ಫ್ರೇಮ್’ ಇದ್ದರೆ ಅದು ಒಂದು ಫ್ರೇಮನ್ನೂ ಬಿಡದೆ ತೋರಿಸುತ್ತದೆ. ಎಲೆಗಳು ದಟ್ಟವಾಗಿರುವ ದೃಶ್ಯದಲ್ಲಿ ಕಂಪ್ಯೂಟರ್ ನಿಧಾನವಾಗುತ್ತದೆ, ದನಿ ಕಾಯುವುದಿಲ್ಲ. ರೆಂಡರ್‌ನಲ್ಲಿ ಆ ನಿಧಾನ ಇರುವುದಿಲ್ಲ. ಪ್ರತಿ ಫ್ರೇಮ್ ತನ್ನ ಜಾಗಕ್ಕೇ ಬರುತ್ತದೆ. ಅಂದರೆ ನಾನು ಮೊದಲು ಕೂರಿಸಿದ್ದೇ ಸರಿಯಾಗಿತ್ತು. ಅದೇ ಮೆನುವಿನಲ್ಲಿ ‘ಸಿಂಕ್ ಟು ಆಡಿಯೊ’ ಆರಿಸಿದರೆ ಕೆಲವು ಫ್ರೇಮ್ ಬಿಟ್ಟುಹೋದರೂ ಚಿತ್ರ ದನಿಯ ಜೊತೆಗೇ ಬರುತ್ತದೆ. ಹೊಸ ಕಾರ್ಡ್ ಬೇಕಾಗಲಿಲ್ಲ.

ಇನ್ನೊಂದು ಮಾತು. ನೀವು ಸೇರಿಸಿದ ಫೋನಿನ ವಿಡಿಯೊ ಸೆಕೆಂಡಿಗೆ 30 ಫ್ರೇಮ್ ಇದ್ದು, ನಿಮ್ಮ ದೃಶ್ಯ 24ಕ್ಕೆ ಇದ್ದು, ವೇಗ ಹೊಂದಿಸಿರದಿದ್ದರೆ ಒಂದು ನಿಮಿಷದ 1800 ಫ್ರೇಮ್ ಓಡಲು 75 ಸೆಕೆಂಡ್ ಹಿಡಿಯುತ್ತದೆ, ದನಿ 60ಕ್ಕೇ ಮುಗಿಯುತ್ತದೆ. ಅಂತರ ಬೆಳೆಯುತ್ತಾ ಹೋದರೆ ಮೊದಲು ಫ್ರೇಮ್ ರೇಟ್ ನೋಡಿ. ಮೊದಲಿನಿಂದ ಕೊನೆವರೆಗೂ ಒಂದೇ ಅಂತರವಿದ್ದರೆ ಬ್ಲೂಟೂತ್ ಸ್ಪೀಕರ್ ತೆಗೆದು ತಂತಿಯದು ಹಾಕಿ ಕೇಳಿ. ಏನೇ ಆಗಲಿ, ಸಣ್ಣ ಅಳತೆಯಲ್ಲಿ ಒಮ್ಮೆ ರೆಂಡರ್ ಮಾಡಿ ನೋಡದೆ ಒಂದು ಚಿತ್ರವನ್ನೂ ಸರಿಸಬೇಡಿ.

ಹಳೆಯ ಪ್ರತಿಯಿಂದ ಮತ್ತೆ ರೆಂಡರ್ ಮಾಡಿದ ಚಿತ್ರ ನನ್ನಲ್ಲಿದೆ. ದುಂಬಿ ಹಾರುವುದು ಏಪ್ರಿಲ್–ಮೇನಲ್ಲಿ, ಮತ್ತೆ ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ. ಅದಕ್ಕೆ ಮುಂಚೆ ತಮ್ಮೂರಲ್ಲಿ ತೋರಿಸಬೇಕೆನ್ನುವವರು ದಯವಿಟ್ಟು ಬಂದು ತೆಗೆದುಕೊಂಡು ಹೋಗಿ.