ಅಚ್ಚಿನ ಕರಾರಿಗೆ ನಮ್ಮ ಸಹಿ

ನಾವು ಓದಲು ಕಲಿತೆವು. ಬಸ್ಸಿನ ಬೋರ್ಡು ಓದಿದೆವು. ರೇಷನ್ ಕಾರ್ಡು ಓದಿದೆವು. ನಮ್ಮ ಹೆಸರನ್ನು ನಾವೇ ಬರೆದೆವು. ಹೆಬ್ಬೆಟ್ಟು ಒತ್ತುವ ಕಾಲ ಹೋಯಿತು. ಈಗ ಇನ್ನೊಂದು ಕಾಗದ ಓದೋಣ. ಇದು ಮನೆ ಕಟ್ಟುವ ಕರಾರು ಪತ್ರ.

ನಮ್ಮ ಸಂಘದಲ್ಲಿ ಒಬ್ಬ ಅಕ್ಕ ಇದ್ದಾರೆ. ಬೀಡಿ ಕಟ್ಟಿ, ಸಂಘದಲ್ಲಿ ಸಾಲ ತೆಗೆದು, ಆರು ಲಕ್ಷ ರೂಪಾಯಿಯ ಒಂದು ಸಣ್ಣ ಮನೆಗೆ ಹೊರಟರು. ಗುತ್ತಿಗೆದಾರರು ಒಂದು ಅಚ್ಚಾದ ಫಾರಂ ತಂದರು. ನಾಲ್ಕು ಪುಟ. ಸಣ್ಣ ಸಣ್ಣ ಅಕ್ಷರ.

"ಇದೆಂತ?" ಎಂದು ಅಕ್ಕ ಕೇಳಿದರು.

"ಎಲ್ಲರೂ ಹಾಕುವ ಸಹಿಯೇ ಅಮ್ಮ. ಓದೂದೆಂತ ಇಲ್ಲ. ಇಲ್ಲಿ ಒಂದು, ಅಲ್ಲಿ ಒಂದು ಹಾಕಿ" ಎಂದರು ಅವರು.

ಅಕ್ಕ ಸಹಿ ಹಾಕಿದರು. ಮೂರು ಲಕ್ಷ ಕೊಟ್ಟರು. ಪಂಚಾಂಗ ಎದ್ದಿತು. ಅಷ್ಟರಲ್ಲಿ ಜೂನ್ ಬಂತು. ಮಳೆ ಹಿಡಿಯಿತು. ಕೆಲಸ ನಿಂತಿತು. ಮಳೆ ಬಿಟ್ಟ ಮೇಲೆ ಗುತ್ತಿಗೆದಾರರು, "ಸಿಮೆಂಟಿಗೆ, ಹೊಯ್ಗೆಗೆ ರೇಟು ಏರಿದೆ, ಇನ್ನೂ ಒಂದು ಲಕ್ಷ ಕೊಡಿ" ಎಂದರು. ಅಕ್ಕ ಜಗಳಕ್ಕೆ ನಿಂತರು. ಅವರು ಫಾರಂ ತೆಗೆದು ತೋರಿಸಿದರು. ಅದರಲ್ಲಿ ಹೀಗೆ ಅಚ್ಚಾಗಿತ್ತು: ಸಾಮಾನಿನ ಬೆಲೆ ಏರಿದರೆ ಮಾಲೀಕರೇ ಭರಿಸತಕ್ಕದ್ದು. ಮಳೆಯಿಂದ ತಡವಾದರೆ ಗುತ್ತಿಗೆದಾರರು ಹೊಣೆಯಲ್ಲ. ಕೆಲಸ ಮುಗಿಸುವ ತಾರೀಕಿನ ಜಾಗ ಖಾಲಿ ಇತ್ತು. ಕೆಳಗೆ ಅಕ್ಕನ ಸಹಿ ಇತ್ತು.

ಅಕ್ಕನಿಗೆ ಓದಲು ಬರುತ್ತಿತ್ತು. ಆದರೆ ಓದಲಿಲ್ಲ.

ಅಚ್ಚಿನ ಕರಾರು ಎಂದರೇನು?

ಇಬ್ಬರು ಒಪ್ಪಿಕೊಂಡ ಮಾತೇ ಕರಾರು. ನಮ್ಮ ದೇಶದಲ್ಲಿ ಇದಕ್ಕೆ 1872ರ ಕಾಯಿದೆ ಇದೆ. ಪ್ರತಿ ಸಲ ಹೊಸದಾಗಿ ಬರೆಯುವುದು ಕಷ್ಟ. ಅದಕ್ಕೆ ಒಂದೇ ನಮೂನೆಯನ್ನು ಅಚ್ಚು ಹಾಕಿಸಿ ಇಟ್ಟುಕೊಳ್ಳುತ್ತಾರೆ. ಹೆಸರು, ಹಣ, ತಾರೀಕು ಮಾತ್ರ ತುಂಬಿಸುತ್ತಾರೆ.

ಅಚ್ಚಿನ ನಮೂನೆ ಕೆಟ್ಟದ್ದಲ್ಲ. ದೊಡ್ಡ ದೊಡ್ಡ ಸೇತುವೆ, ಅಣೆಕಟ್ಟುಗಳಿಗೂ ಅದೇ ರೂಢಿ. ಫಿಡಿಕ್ ಎಂಬ ಅಂತರರಾಷ್ಟ್ರೀಯ ಎಂಜಿನಿಯರುಗಳ ಸಂಸ್ಥೆ 1957ರಲ್ಲಿ ಇಂಥ ಒಂದು ನಮೂನೆ ತಂದಿತು. ಅದರ ರಟ್ಟು ಕೆಂಪು. ಹಾಗಾಗಿ ಅದಕ್ಕೆ 'ಕೆಂಪು ಪುಸ್ತಕ' ಎಂದೇ ಹೆಸರಾಯಿತು. ಹಲವು ದೇಶಗಳಲ್ಲಿ ಅದನ್ನು ಬಳಸುತ್ತಾರೆ.

ನಮ್ಮ ರಾಜ್ಯದ ಸರಕಾರಿ ಕೆಲಸಕ್ಕೂ ಅಚ್ಚಿನ ಟೆಂಡರ್ ಪತ್ರಗಳಿವೆ. ಟೆಂಡರಿಗಾಗಿ 1999ರ ಪಾರದರ್ಶಕತೆ ಕಾಯಿದೆ ಇದೆ. ರಸ್ತೆ, ಮೋರಿ, ಶಾಲೆಯ ಕೋಣೆಗೆ ಕೆಲಸದ ಮೊತ್ತ ನೋಡಿ ನಮೂನೆ ಆರಿಸುತ್ತಾರೆ. ಕೆಲಸ ಯಾವಾಗ ಮುಗಿಯಬೇಕು, ತಡವಾದರೆ ಎಷ್ಟು ದಂಡ, ಮುಗಿದ ಮೇಲೆ ಕೆಟ್ಟರೆ ಎಷ್ಟು ಕಾಲ ಗುತ್ತಿಗೆದಾರರೇ ಸರಿ ಮಾಡಬೇಕು, ಎಲ್ಲ ಅದರಲ್ಲಿ ಇರುತ್ತದೆ.

ಹಾಗಾದರೆ ಅಕ್ಕನ ಫಾರಂನಲ್ಲಿ ತಪ್ಪು ಎಲ್ಲಿ? ಅದನ್ನು ಬರೆಸಿದ್ದು ಒಂದೇ ಕಡೆಯವರು. ಅವರ ರಕ್ಷಣೆಯ ಮಾತು ಎಲ್ಲ ಇತ್ತು. ಅಕ್ಕನ ರಕ್ಷಣೆಯ ಮಾತು ಇರಲಿಲ್ಲ.

ಸಹಿಗೆ ಮುಂಚೆ ಏನು ನೋಡಬೇಕು?

1. ಕೆಲಸ ಯಾವುದು? 'ಮನೆ ಕಟ್ಟುವುದು' ಎಂದರೆ ಸಾಲದು. ಎಷ್ಟು ಚದರ ಅಡಿ? ಕೆಂಪು ಕಲ್ಲೋ, ಸಿಮೆಂಟ್ ಬ್ಲಾಕೋ? ಹಂಚಿನ ಮಾಡೋ, ತಾರಸಿಯೋ? ಬಾಗಿಲು, ವಯರಿಂಗ್, ಪಾಯಿಖಾನೆ ಸೇರಿದೆಯೋ ಇಲ್ಲವೋ? ಎಲ್ಲ ಬರೆಯಬೇಕು. ನಕ್ಷೆಗೂ ಇಬ್ಬರೂ ಸಹಿ ಹಾಕಬೇಕು.

2. ಸಾಮಾನು ಯಾರದ್ದು? ಬೆಲೆ ಏರಿದರೆ ಯಾರು ಕೊಡಬೇಕು? 'ಒಪ್ಪಿದ ಮೊತ್ತಕ್ಕಿಂತ ಹೆಚ್ಚು ಕೊಡುವಂತಿಲ್ಲ' ಎಂದು ಬರೆಸಬಹುದು. ಹೆಚ್ಚಿನ ಕೆಲಸ ಬೇಕಾದರೆ ಬೇರೆ ಚೀಟಿ ಬರೆದು ಸಹಿ ಹಾಕೋಣ.

3. ತಾರೀಕು. ನಮ್ಮ ಕುಂದಾಪುರ, ಬೈಂದೂರು, ಬ್ರಹ್ಮಾವರದಲ್ಲಿ ಜೂನ್ ಬಂದರೆ ಮಳೆ ಬರುತ್ತದೆ. ಇದು ಎಲ್ಲರಿಗೂ ಗೊತ್ತು. ಗುತ್ತಿಗೆದಾರರಿಗೂ ಗೊತ್ತು. ಆದ್ದರಿಂದ ಜೂನ್ ತಿಂಗಳ ಮಳೆ ಒಂದು ನೆವ ಆಗಬಾರದು. 'ಮೇ 20ರ ಒಳಗೆ ಮಾಡು ಮುಗಿಯಬೇಕು' ಎಂದು ದಿನ ಹಾಕಿ ಬರೆಸೋಣ. ಖಾಲಿ ಜಾಗ ಬಿಟ್ಟು ಸಹಿ ಹಾಕಬಾರದು.

4. ಕೆಟ್ಟರೆ ಯಾರು ಹೊಣೆ? ಹೊಸ ಮನೆಯ ಗುಣ ಗೊತ್ತಾಗುವುದು ಮೊದಲ ಮಳೆಗಾಲದಲ್ಲಿ. ಒಂದು ಮಳೆಗಾಲ ಕಳೆಯುವ ತನಕ ಸೋರಿದರೆ, ಬಿರುಕು ಬಿಟ್ಟರೆ ಅವರೇ ಸರಿ ಮಾಡಬೇಕು ಎಂದು ಬರೆಸೋಣ.

5. ಹಣ. ಕೆಲಸ ಮುಂದೆ ಹೋದ ಹಾಗೆ ಹಣ ಹೋಗಬೇಕು. ಹಣ ಮುಂದೆ ಓಡಬಾರದು.

ಒಂದು ಲೆಕ್ಕ ಮಾಡೋಣ

ಮನೆಗೆ 6,00,000 ರೂಪಾಯಿ. ಹೀಗೆ ಪಾಲು ಮಾಡಬಹುದು:

ಕರಾರಿನ ದಿನ — 60,000
ಪಂಚಾಂಗ ಮುಗಿದಾಗ — 1,20,000
ಗೋಡೆ ಲಿಂಟಲ್ ಮಟ್ಟಕ್ಕೆ ಬಂದಾಗ — 1,20,000
ಮಾಡು ಮುಗಿದಾಗ — 1,50,000
ಗಾರೆ, ನೆಲ, ಬಾಗಿಲು ಮುಗಿದಾಗ — 1,20,000
ಒಂದು ಮಳೆಗಾಲ ಕಳೆದ ಮೇಲೆ — 30,000

ಕೂಡಿಸಿ ನೋಡಿ. ಸರಿಯಾಗಿ 6,00,000.

ಈ ಲೆಕ್ಕದಲ್ಲಿ ಪಂಚಾಂಗ ಮುಗಿದಾಗ ಅಕ್ಕ ಕೊಡಬೇಕಾದದ್ದು 1,80,000. ಕೊಟ್ಟದ್ದು 3,00,000. ಅಂದರೆ 1,20,000 ರೂಪಾಯಿ ಮೊದಲೇ ಕೈಬಿಟ್ಟು ಹೋಯಿತು. ಹಣ ನಮ್ಮ ಕೈಯಲ್ಲಿ ಇದ್ದರೆ ನಮ್ಮ ಮಾತಿಗೆ ಬೆಲೆ. ಸರಕಾರದ ವಸತಿ ಯೋಜನೆಯಲ್ಲೂ ಹೀಗೆಯೇ. ಪಂಚಾಂಗ, ಗೋಡೆ, ಮಾಡು ಎಂದು ಹಂತ ನೋಡಿ ಫೋಟೋ ತೆಗೆದು ಹಣ ಬಿಡುತ್ತಾರೆ. ಸರಕಾರವೇ ಎಚ್ಚರ ಮಾಡುವಾಗ ನಾವು ಮಾಡಬಾರದೇ?

ಅಚ್ಚಾದದ್ದನ್ನು ತಿದ್ದಬಹುದೇ?

ತಿದ್ದಬಹುದು. ಬೇಡದ ಸಾಲಿಗೆ ಗೆರೆ ಎಳೆಯಬಹುದು. ಬೇಕಾದ ಮಾತನ್ನು ಕೈಯಲ್ಲಿ ಬರೆಯಬಹುದು. ತಿದ್ದಿದ ಕಡೆಯಲ್ಲೆಲ್ಲ ಇಬ್ಬರೂ ಸಹಿ ಹಾಕಬೇಕು. ಅಚ್ಚಿನ ಮಾತೂ ಕೈಬರಹವೂ ಒಂದಕ್ಕೊಂದು ಹೊಂದದಿದ್ದರೆ ಸಾಮಾನ್ಯವಾಗಿ ಕೈಬರಹಕ್ಕೇ ಹೆಚ್ಚು ಬೆಲೆ.

"ಇವತ್ತೇ ಸಹಿ ಹಾಕಿ" ಎಂದು ಅವಸರ ಮಾಡಿದರೆ, "ಒಂದು ದಿನ ಇರಲಿ, ಓದಿ ಕೊಡ್ತೇನೆ" ಎನ್ನೋಣ. ಸಂಘದಲ್ಲಿ ಕೂತು ಗಟ್ಟಿಯಾಗಿ ಓದೋಣ. ಒಂದು ಪ್ರತಿ ನಮ್ಮ ಹತ್ತಿರ ಇರಲಿ. ಕೊಟ್ಟ ಹಣಕ್ಕೆಲ್ಲ ರಶೀದಿ ಇರಲಿ.

ತೊಂದರೆ ಆದರೆ?

ಓದದೆ ಹಾಕಿದ ಸಹಿಯೂ ಸಹಿಯೇ. ಆದರೆ ಮೋಸದಿಂದ, ಬಲವಂತದಿಂದ ಪಡೆದ ಸಹಿಯನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು. ಗ್ರಾಹಕರಿಗೆ ಬಹಳ ಅನ್ಯಾಯವಾಗುವ ಕರಾರನ್ನು ಪ್ರಶ್ನಿಸಲು 2019ರ ಗ್ರಾಹಕ ಕಾಯಿದೆಯಲ್ಲಿ ದಾರಿ ಇದೆ. ಅಂಥ ದೂರು ರಾಜ್ಯ ಆಯೋಗಕ್ಕೆ ಹೋಗಬೇಕು. ಕೆಲಸ ಅರ್ಧಕ್ಕೆ ಬಿಟ್ಟರೆ, ಕಳಪೆ ಮಾಡಿದರೆ ಉಡುಪಿ ಜಿಲ್ಲೆಯ ಗ್ರಾಹಕ ಆಯೋಗದಲ್ಲಿ ದೂರು ಕೊಡಬಹುದು. ಎರಡು ವರ್ಷದ ಒಳಗೆ ಕೊಡಬೇಕು. ಫೋನಿನಲ್ಲಿ ಕೇಳಲು 1915 ಇದೆ.

ವಕೀಲರಿಗೆ ಕೊಡಲು ಹಣ ಇಲ್ಲವೇ? 1987ರ ಕಾನೂನು ಸೇವೆಗಳ ಕಾಯಿದೆಯ ಪ್ರಕಾರ ಹೆಂಗಸರಿಗೆ ಉಚಿತ ಕಾನೂನು ನೆರವು ಉಂಟು. ಆದಾಯ ಎಷ್ಟು ಎಂದು ನೋಡುವುದಿಲ್ಲ. ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಬೇಕು.

ನಮ್ಮ ಅಕ್ಕ ಅಲ್ಲಿಗೇ ಹೋದರು. ನಾವು ಮೂವರು ಜೊತೆಗೆ ಹೋದೆವು. ರಶೀದಿ ತೋರಿಸಿದರು. ಗುತ್ತಿಗೆದಾರರನ್ನು ಕರೆಸಿ ಮಾತಾಡಿದರು. ಹೊಸ ಕಾಗದ ಆಯಿತು. ಅದರಲ್ಲಿ ತಾರೀಕು ಇತ್ತು, ಹಣದ ಪಾಲು ಇತ್ತು. ಅಕ್ಕ ಒಂದೊಂದೇ ಸಾಲಿಗೆ ಬೆರಳಿಟ್ಟು ಓದಿದರು. ಅರ್ಧ ಗಂಟೆ ಹಿಡಿಯಿತು. ಎಲ್ಲರೂ ಕಾದರು. ಆಮೇಲೆ ಸಹಿ ಹಾಕಿದರು.

ಮನೆ ಒಂದು ವರ್ಷ ತಡವಾಗಿ ಮುಗಿಯಿತು. ಒಂದು ವರ್ಷದ ಬಾಡಿಗೆ, ಸಾಲದ ಬಡ್ಡಿ ಮಾತ್ರ ತಿರುಗಿ ಬರಲಿಲ್ಲ.

ಓದಿ, ಮಾತಾಡಿ

1. ಅಕ್ಕನ ಫಾರಂನಲ್ಲಿ ಯಾವ ಜಾಗ ಖಾಲಿ ಇತ್ತು? ಅದರಿಂದ ಏನಾಯಿತು?
2. ಮನೆ ಮುಗಿದ ಮೇಲೂ 30,000 ರೂಪಾಯಿ ಉಳಿಸಿಕೊಳ್ಳುವುದು ಏಕೆ?
3. ನಿಮ್ಮ ಊರಿನ ರಸ್ತೆ ಕೆಲಸದ ಫಲಕ ಓದಿ ಬನ್ನಿ. ಎಷ್ಟು ಹಣ? ಯಾವಾಗ ಮುಗಿಯಬೇಕು?
4. ನಿಮ್ಮ ಮನೆಯಲ್ಲಿರುವ ಒಂದು ಅಚ್ಚಿನ ಕಾಗದ ತನ್ನಿ. ಸಾಲದ್ದೋ, ಚೀಟಿಯದ್ದೋ ಆಗಬಹುದು. ಎಲ್ಲರೂ ಕೂಡಿ ಓದಿ.

ಬರೆಯಿರಿ: ಕರಾರು, ಗುತ್ತಿಗೆದಾರ, ಮುಂಗಡ, ರಶೀದಿ, ತಾರೀಕು, ಹೊಣೆ.